ಬಿಸಿ ನೋಡುವ ಕೈ

ಜನವರಿ 9

ತಂಗಿಗೆ,

ಬಟ್ಟೆಗೆ ಬಣ್ಣ ಹಾಕುವ ಈ ಬಣ್ಣದ ಮನೆಯ ಯಜಮಾನಿ ನಾನು. ನೀಲಿ ತೊಟ್ಟಿಗೆ ಬೆಳಿಗ್ಗೆ ಮೊದಲು ಕೈ ಇಡುವವಳು, ಹದಿನಾಲ್ಕು ಜನರ ಕೆಲಸಕ್ಕೆ ಹೊಣೆ ಹೊತ್ತವಳು, ಒಬ್ಬ ಮಗನನ್ನೂ ಅವನಿಗಿಂತ ಚುರುಕಾದ ಒಬ್ಬ ಸೊಸೆಯನ್ನೂ ಹದ್ದುಬಸ್ತಿನಲ್ಲಿ ಇಟ್ಟುಕೊಂಡವಳು. ಇದನ್ನು ನಿನಗೆ ಹೇಳುವ ಅಗತ್ಯವಿರಲಿಲ್ಲ. ಆದರೆ ಹನ್ನೊಂದು ವರ್ಷದಿಂದ ಒಂದು ಸಾಲೂ ಬರೆಯದವಳು ಏಕಾಏಕಿ ಕಾಗದ ಹಾಕಿದರೆ, ಕೈಲಾಗದೆ ಹಾಕಿದಳು ಎಂದು ನೀನು ತಿಳಿಯಬಾರದಲ್ಲ.

ವಿಷಯ ಇಷ್ಟೆ. ಕೆಲವು ತಿಂಗಳಿಂದ ನನಗೆ ಮೈ ಭಾರ, ಚಳಿ. ದನಿ ಗೊಗ್ಗರಾಗಿದೆ. ಸೊಸೆ ಹಟ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ರಕ್ತ ತೆಗೆದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆಯಂತೆ. ಅದು ಮಾಡಬೇಕಾದ ಕೆಲಸವನ್ನು ಇನ್ನು ಮಾತ್ರೆ ಮಾಡಬೇಕಂತೆ.

"ಎಷ್ಟು ದಿನ?" ಎಂದೆ.

"ದಿನಾ ಒಂದು. ಇರೋವರೆಗೂ," ಎಂದಳು. "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಥೈರಾಯ್ಡ್ ಇತ್ತಾ?"

"ನಮ್ಮ ಮನೇಲಿ ಯಾರಿಗೂ ಯಾವ ಕಾಯಿಲೆನೂ ಇಲ್ಲ."

"ಮತ್ತೆ ನೀವು ಇಲ್ಲಿ ಯಾಕೆ ಬಂದು ಕೂತಿದ್ದೀರಿ, ಅಮ್ಮಾ?"

ಸೊಸೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಕ್ಕದ್ದು ನನಗೆ ಕಾಣಲಿಲ್ಲ ಎಂದುಕೊಂಡಿದ್ದಾಳೆ. ನನ್ನ ಅರ್ಧ ವಯಸ್ಸೂ ಇಲ್ಲದ ಆ ಡಾಕ್ಟರು, ಒಡಹುಟ್ಟಿದವರನ್ನು ಕೇಳಿ ತಿಳಿಸಿ ಎಂದು ಚೀಟಿಯಲ್ಲೇ ಬರೆದು ಕೊಟ್ಟಿದ್ದಾಳೆ. ಅದಕ್ಕೆ ಕೇಳುತ್ತಿದ್ದೇನೆ. ಇದೆಯೋ ಇಲ್ಲವೋ, ಅಷ್ಟು ತಿಳಿಸು. ಹೆಚ್ಚಿಗೆ ಬರೆಯಬೇಕಾಗಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ತೊಟ್ಟಿಯೂ ಚೆನ್ನಾಗಿದೆ.

ನಿನ್ನ ಅಕ್ಕ

*

ಜನವರಿ 20

ಅಕ್ಕ,

ಇದೆ.

ನೀನು ಕೇಳಿದ್ದು ಅಷ್ಟೆ. ಆದರೆ ಹೊಸದಾಗಿ ಶುರು ಮಾಡುವವಳಿಗೆ ಹೇಳದೆ ಇರಲಾರೆ. ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗು. ಆಮೇಲೆ ಮುಕ್ಕಾಲು ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿ ಮುಟ್ಟಬೇಡ. ನಿನಗೆ ಇದೇ ಕಷ್ಟ ಎಂದು ಗೊತ್ತು. ಮೂಳೆಗೆಂದು ಸುಣ್ಣದ ಮಾತ್ರೆಯನ್ನೋ ರಕ್ತಕ್ಕೆಂದು ಕಬ್ಬಿಣದ ಮಾತ್ರೆಯನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನು ರಾತ್ರಿಗೆ ತಳ್ಳು. ಅದಕ್ಕೂ ಇದಕ್ಕೂ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ.

ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ಎರಡನೆಯ ವಾರವೂ ಅಷ್ಟೆ. ಮಾತ್ರೆಯೇ ಸುಳ್ಳು ಎನ್ನಿಸುತ್ತದೆ. ಕೂದಲು ಇನ್ನೂ ಸ್ವಲ್ಪ ಉದುರಬಹುದು, ಹೆದರಬೇಡ, ನಿಲ್ಲುತ್ತದೆ. ಆರು ವಾರವಾದ ಮೇಲೆ ಮತ್ತೆ ರಕ್ತ ನೋಡಿ ಅಳತೆ ಹೆಚ್ಚು ಕಡಿಮೆ ಮಾಡುತ್ತಾರೆ. ಹಗುರವಾಯಿತು ಎಂದು ಯಾವತ್ತೂ ನಿಲ್ಲಿಸಬೇಡ. ಮಾತ್ರೆ ಇದೆ ಎಂದೇ ಹಗುರವಾಗಿರುತ್ತದೆ.

ಒಂದು ಮಾತು ಕೇಳಲೇ? ನಿನ್ನ ಕೈ ತಣ್ಣಗಿರುತ್ತದೆಯೇ? ತೊಟ್ಟಿಯ ಬಿಸಿಯನ್ನು ಈಗ ಯಾರು ನೋಡುತ್ತಿದ್ದಾರೆ?

ಹತ್ತಿಯಲ್ಲಿ ಸುತ್ತಿ ಒಂದು ಗಾಜಿನ ಕಡ್ಡಿ ಕಳಿಸಿದ್ದೇನೆ. ಬಿಸಿ ಅಳೆಯುವುದು. ನಾನೇ ಬಳಸಿದ್ದು. ಒಡೆಯದೆ ತಲುಪಿದರೆ ಸಾಕು.

ತಂಗಿ

*

ಫೆಬ್ರವರಿ 2

ತಂಗಿಗೆ,

ಕಡ್ಡಿ ಒಡೆಯದೆ ತಲುಪಿತು. ಮೇಜಿನ ಖಾನೆಯಲ್ಲಿ ಹಾಕಿದ್ದೇನೆ. ಇಂಥ ಚುಚ್ಚುಮಾತನ್ನು ಹತ್ತಿಯಲ್ಲಿ ಸುತ್ತಿ ಕಳಿಸುವುದನ್ನು ಎಲ್ಲಿ ಕಲಿತೆ?

ಈ ಮನೆಯಲ್ಲಿ ಬಿಸಿ ನೋಡುವುದು ಮಣಿಕಟ್ಟು. ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಅಮ್ಮ ನಮ್ಮಿಬ್ಬರನ್ನೂ ತೊಟ್ಟಿಯ ಅಂಚಿನಲ್ಲಿ ಮೊಣಕಾಲೂರಿ ಕೂರಿಸುತ್ತಿದ್ದಳು. ನೀನು ಐದು ವರ್ಷದವಳು, ಬಗ್ಗಿದರೆ ಬೀಳುತ್ತೀ ಎಂದು ನಾನು ನಿನ್ನ ಜಡೆ ಹಿಡಿದುಕೊಂಡಿರುತ್ತಿದ್ದೆ. ಅಮ್ಮ ನಮ್ಮ ಕೈಯನ್ನು ನೀರಿಗಿಳಿಸಿ, "ನಿದ್ದೆಯಿಂದ ಎದ್ದ ಮಗುವಿನ ಕೆನ್ನೆ ಇರುತ್ತಲ್ಲ, ಅಷ್ಟು. ಅದಕ್ಕಿಂತ ಬಿಸಿಯಾದ್ರೆ ಒಳಗೆ ನೀಲಿ ಹುದುಗಿಸೋ ಜೀವ ಸಾಯುತ್ತೆ, ತಣ್ಣಗಾದ್ರೆ ಮಲಗಿಬಿಡುತ್ತೆ," ಎನ್ನುತ್ತಿದ್ದಳು. ಮೇಲೆ ಹಸಿರು ಹೊಳಪಿನ ನೊರೆ, ಅದರ ಹುಳಿ ವಾಸನೆ. ನೀರಿನಿಂದ ತೆಗೆದ ಬಟ್ಟೆ ಗಾಳಿಗೆ ಹಸಿರಿನಿಂದ ನೀಲಿಗೆ ತಿರುಗುವುದನ್ನು ನೋಡಿ ನೀನು ದಿನಾ ಹೊಸದಾಗಿ ಚಪ್ಪಾಳೆ ತಟ್ಟುತ್ತಿದ್ದೆ. ನಮ್ಮಿಬ್ಬರ ಉಗುರುಗಳೂ ನೀಲಿ. ತರಗತಿಯಲ್ಲಿ ನಗುತ್ತಿದ್ದರು. ನಾನು ಒಬ್ಬಳಿಗೆ ಹೊಡೆದೆ, ಆಮೇಲೆ ಯಾರೂ ನಗಲಿಲ್ಲ.

ಅಮ್ಮ ಹದಿನೆಂಟು ವರ್ಷ ತೌಡು, ಬೂದಿ ನೀರು ಹಾಕಿ ಸಾಕಿದ ತೊಟ್ಟಿ ಅದು. ನೀನು ಕೆಡಿಸಿದ ಮೇಲೆ ನಾನು ಮೂರು ವರ್ಷ ಒದ್ದಾಡಿ ಹೊಸದನ್ನು ಎಬ್ಬಿಸಿದೆ. 'ತೊಟ್ಟಿ ಕೆಡಿಸಿದ ಕೈಗೆ ಮತ್ತೆ ತೊಟ್ಟಿಯಿಲ್ಲ' ಎಂದು ಅಂದು ನಾನು ಬರೆಸಿದ ಹಲಗೆ ಇನ್ನೂ ಗೋಡೆಯ ಮೇಲಿದೆ. ಮೂವತ್ತು ವರ್ಷದಲ್ಲಿ ಅದನ್ನು ಇಳಿಸುವ ಪ್ರಸಂಗ ಬಂದಿಲ್ಲ.

ಮಾತ್ರೆಯಿಂದ ಏನೂ ಆಗಿಲ್ಲ. ಮೂರು ವಾರವಾಯಿತು. ಡಾಕ್ಟರಮ್ಮ ಕೊಟ್ಟದ್ದು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಈ ಮೈಗೆ ಅದು ಯಾವ ಮೂಲೆಗೆ ಸಾಕು? ನಿನ್ನೆಯಿಂದ ಎರಡು ನುಂಗುತ್ತಿದ್ದೇನೆ.

ನನ್ನ ಕೈ ಚೆನ್ನಾಗಿದೆ.

ಅಕ್ಕ

*

ಫೆಬ್ರವರಿ 8

ಅಕ್ಕ,

ಕಾಗದ ಈಗ ಬಂತು, ನಿಂತುಕೊಂಡೇ ಬರೆಯುತ್ತಿದ್ದೇನೆ. ದಯವಿಟ್ಟು ಎರಡು ನುಂಗಬೇಡ. ನಿನಗೆ ಅರವತ್ತಾರು. ಬಹಳ ದಿನ ನಿಧಾನವಾಗಿ ಬಡಿದ ಎದೆಯನ್ನು ಒಮ್ಮೆಗೇ ಓಡಿಸಬಾರದೆಂದೇ ಅವರು ಚಿಕ್ಕದರಿಂದ ಶುರು ಮಾಡುವುದು. ಎದೆ ಹೊಡೆದುಕೊಂಡರೆ, ಕೈ ನಡುಗಿದರೆ, ಉಸಿರು ಕಟ್ಟಿದರೆ, ಕೂಡಲೇ ಹೋಗಿ ತೋರಿಸು. ನಾಳೆ ಎನ್ನಬೇಡ.

ನಾನು ಬಣ್ಣ ಕಲಿತದ್ದು ನಿನ್ನಿಂದ. ಹನ್ನೆರಡು ವರ್ಷದವಳಿದ್ದಾಗ, ಒಂದೇ ಸಲಕ್ಕೆ ಗಾಢ ನೀಲಿ ಬರಲಿ ಎಂದು ಬಟ್ಟೆಯನ್ನು ಅರ್ಧ ದಿನ ತೊಟ್ಟಿಯಲ್ಲೇ ಬಿಟ್ಟಿದ್ದೆ. ಒಗೆದಾಗ ಬಣ್ಣವೆಲ್ಲ ಚರಂಡಿಗೆ ಹೋಯಿತು. ನೀನು ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಅದ್ದು, ತೆಗಿ, ಗಾಳಿಗೆ ಹಿಡಿ. ಮತ್ತೆ ಅದ್ದು. ಹತ್ತು ಸಲ ತೆಳುವಾಗಿ ಕೂತಿದ್ದೇ ನಿಲ್ಲೋದು ಕಣೇ," ಎಂದೆ. ಆ ದಿನದ ಬಿಸಿಲೂ, ನೀನು ನನ್ನ ಮುಂಗೈ ಒರೆಸಿದ ಹಳೇ ಚಿಂದಿಯೂ ನನಗೆ ನೆನಪಿವೆ. ಮಾತ್ರೆಯೂ ಹಾಗೇ. ಆರಾರು ವಾರಕ್ಕೆ ಒಂದು ಅದ್ದು.

ಕಡ್ಡಿ ಚುಚ್ಚುಮಾತಲ್ಲ. ನಾನು ಈ ಮಾತ್ರೆ ನುಂಗಲು ಶುರು ಮಾಡಿ ಇಪ್ಪತ್ತೊಂಬತ್ತೂವರೆ ವರ್ಷವಾಯಿತು.

ತಂಗಿ

*

ಫೆಬ್ರವರಿ 26

ತಂಗಿಗೆ,

ನಿನ್ನ ಕಾಗದ ಬರುವ ಮುಂಚೆಯೇ ಆಗಬೇಕಾದ್ದು ಆಗಿತ್ತು. ಎರಡೆರಡು ನುಂಗಿದ ಆರನೆಯ ದಿನ, ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವಳಿಗೆ ಎದೆ ಗುದ್ದಿದ ಹಾಗೆ ಬಡಿದುಕೊಳ್ಳತೊಡಗಿತು. ಹಗ್ಗ ಹಿಡಿದು ಕೂತೆ. ಸೊಸೆ ಬಂದವಳೇ ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಡಾಕ್ಟರಮ್ಮ ತಂತಿ ಅಂಟಿಸಿ ಎದೆ ನೋಡಿ, ಅಪಾಯವಿಲ್ಲ ಎಂದು ಖಚಿತವಾದ ಮೇಲೆ ಬೈದಳು. "ನಾನು ಬಂದು ನಿಮ್ಮ ಕೆಲಸದಲ್ಲಿ ಎರಡು ಪಟ್ಟು ಬಣ್ಣ ಸುರಿದ್ರೆ ಸುಮ್ಮನಿರ್ತೀರಾ?"

"ಕೈ ಮುರೀತೀನಿ," ಎಂದೆ.

"ನಾನು ಡಾಕ್ಟರು, ಅದಕ್ಕೇ ಮುರೀತಿಲ್ಲ. ಈಗ ನಿಜ ಹೇಳಿ, ಮಾತ್ರೆ ಯಾವುದರ ಜೊತೆ ತಗೋತಿದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಸೊಸೆ, "ಕಾಫಿ ಜೊತೆ. ಹಾಲಿನ ಕಾಫಿ. ದೊಡ್ಡ ಲೋಟ," ಎಂದಳು. ನನ್ನನ್ನು ಕೇಳದೆ ಈ ಮನೆಯ ವಿಷಯವನ್ನು ಅವಳು ಹೊರಗೆ ಆಡಿದ್ದು ಅದೇ ಮೊದಲು. ಮಾತ್ರೆಯನ್ನು ಕೆಲವು ದಿನ ಬಿಟ್ಟು, ಹಿಂದಿನ ಅಳತೆಯಿಂದಲೇ ಮತ್ತೆ ಶುರು. ಈಗ ಬರೀ ನೀರು. ಒಂದು ಗಂಟೆ ಕಿಟಕಿಯ ಬಳಿ ಕೂತು ಬೀದಿ ನೋಡುತ್ತೇನೆ. ಎದುರಿನ ಬೀಗದ ಅಂಗಡಿಯವನು ಬಾಗಿಲು ತೆಗೆಯುವ ಮುಂಚೆ ಬೀಗಕ್ಕೆ ಎರಡು ಸಲ ಊದುತ್ತಾನೆ. ಇಷ್ಟು ವರ್ಷ ಇಲ್ಲಿದ್ದೂ ಅದನ್ನು ನೋಡಿರಲಿಲ್ಲ.

ಆ ಒಂದು ಗಂಟೆಯಲ್ಲಿ ಬೇರೇನೂ ಮಾಡಲಿಕ್ಕಿಲ್ಲ, ಯೋಚನೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ತೊಟ್ಟಿ ಚೆನ್ನಾಗಿದೆ ಎಂದು ಬರೆದಿದ್ದೆ. ಚೆನ್ನಾಗಿಲ್ಲ. ನವೆಂಬರಿನಲ್ಲೇ ಸತ್ತಿತು.

ಬೆಳಿಗ್ಗೆ ಕೈ ಇಟ್ಟೆ, ತಣ್ಣಗಿತ್ತು. "ಕಟ್ಟಿಗೆ ಹಾಕು," ಎಂದೆ. ಒಲೆಮಾವ ಹಾಕಿದ. ನಿನಗೆ ಅವನು ನೆನಪಿರಬೇಕು, ಈಗ ಹಲ್ಲಿಲ್ಲ. ಮತ್ತೆ ಇಟ್ಟೆ, ಆಗಲೂ ತಣ್ಣಗೇ. "ಇನ್ನೂ ಹಾಕು."

"ಯಜಮಾನಿ, ಬಿಸಿ ಸಾಕು ಅನಿಸುತ್ತೆ."

"ನಿನಗೆ ಅನಿಸೋಕೆ ಸಂಬಳ ಕೊಡ್ತಿಲ್ಲ. ಹಾಕು."

ಮೂರು ಸಲ ಹಾಕಿಸಿದೆ. ಮಧ್ಯಾಹ್ನಕ್ಕೆ ನೊರೆ ಒಡೆದು ಹೋಯಿತು. ಸಂಜೆಗೆ ಕೊಳೆತ ವಾಸನೆ. ಅದ್ದಿದ ಬಟ್ಟೆ ಬೂದಿಯ ಬಣ್ಣದಲ್ಲಿ ಬಂತು, ನೀನು ಅಂದು ತೆಗೆದ ಬಟ್ಟೆಯ ಬಣ್ಣವೇ. ಎಲ್ಲರೂ ನೆಲ ನೋಡುತ್ತ ನಿಂತಿದ್ದರು. ಮಗ, "ಕಟ್ಟಿಗೆ ಸರಿ ಇರಲಿಲ್ಲ," ಎಂದ. ಒಬ್ಬೊಬ್ಬರೂ ಹೌದು, ಕಟ್ಟಿಗೆ ಸರಿ ಇರಲಿಲ್ಲ ಎಂದರು. ಆ ಮಾತನ್ನೇ ನಿಲ್ಲಲು ಬಿಟ್ಟೆ. ತಲೆಯ ಮೇಲೆ ಹಲಗೆ ಇತ್ತು, ಯಾರೂ ಅದರತ್ತ ಕಣ್ಣೆತ್ತಲಿಲ್ಲ. ಆಮೇಲೆ ಎರಡು ಸಲ ಹೊಸ ತೊಟ್ಟಿ ಎಬ್ಬಿಸಲು ನೋಡಿದೆ, ಏಳಲಿಲ್ಲ. ಕೆಂಪು ಹಳದಿ ಮಾಡಿಕೊಂಡು ದಿನ ತಳ್ಳುತ್ತಿದ್ದೇವೆ. ನೀಲಿಗೆಂದೇ ನಮ್ಮಲ್ಲಿಗೆ ಬರುತ್ತಿದ್ದವರು ಮುಂದಿನ ವರ್ಷ ಬೇರೆ ಬಾಗಿಲು ನೋಡಿಕೊಳ್ಳುತ್ತಾರೆ.

ಅಂದು ತೊಟ್ಟಿ ಕೆಟ್ಟಾಗ ನೀನು, "ಅಕ್ಕ, ನನ್ನ ಕೈಗೆ ತಣ್ಣಗೇ ಇತ್ತು," ಎಂದಿದ್ದೆ. ನಾನು ಎಲ್ಲರೆದುರು, "ನಿದ್ದೆಗಣ್ಣಿ, ಬಣ್ಣದ ಮನೆ ಮಲಗೋ ಜಾಗ ಅಲ್ಲ, ಆಚೆ ನಡಿ," ಎಂದೆ.

ನಿನಗೆ ಆಗಲೇ ಈ ಕಾಯಿಲೆ ಇತ್ತೇ? ಇದ್ದರೆ ನನಗೇಕೆ ಹೇಳಲಿಲ್ಲ?

ಅಕ್ಕ

*

ಮಾರ್ಚ್ 8

ಅಕ್ಕ,

ಇತ್ತು. ಮನೆ ಬಿಟ್ಟ ಆರನೆಯ ತಿಂಗಳಿಗೆ ಗೊತ್ತಾಯಿತು. ಬಾಡಿಗೆ ಕೋಣೆಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಎರಡು ಹೊದಿಕೆ ಹೊದ್ದು ಕೂತಿದ್ದವಳನ್ನು ಮನೆಯೊಡತಿ ಎಳೆದುಕೊಂಡು ಹೋಗಿ ತೋರಿಸಿದಳು. ಈ ಕಾಯಿಲೆಯಲ್ಲಿ ಕೆಲವರ ಕೈ ಜೋಮು ಹಿಡಿದು ಬಿಸಿಯೇ ತಿಳಿಯುವುದಿಲ್ಲ ಎಂದು ಅಲ್ಲಿ ಹೇಳಿದರು. ಅಂದೇ ನಿನಗೆ ಕಾಗದ ಬರೆದೆ, ಹರಿದೆ. ಹೇಳಿದ್ದರೆ ನೀನು ನಂಬುತ್ತಿದ್ದೆಯಾ? ಕೆಲಸಗಳ್ಳಿಗೆ ನೆಪ ಸಿಕ್ಕಿತು ಎನ್ನುತ್ತಿದ್ದೆ. ಆಮೇಲೆ ಆ ಕೋಪವೇ ನನಗೆ ಒಂದು ಹೊದಿಕೆಯಂತಾಯಿತು. ತೆಗೆಯಲು ಮನಸ್ಸು ಬರಲಿಲ್ಲ.

ಬೀರುವಿನ ಮೇಲಿರುವ ಅಮ್ಮನ ಕೊನೆಯ ಫೋಟೋ ಇಳಿಸಿ ನೋಡು. ಹುಬ್ಬಿನ ಹೊರತುದಿ ಇಲ್ಲ. ನಡುಬೇಸಗೆಯಲ್ಲಿ ತೆಗೆಸಿದ ಫೋಟೋ, ಶಾಲು ಹೊದ್ದಿದ್ದಾಳೆ. ಕೆಲಸ ಮಾಡುತ್ತ ಹಾಡುತ್ತಿದ್ದವಳು ದನಿ ದಪ್ಪವಾಯಿತೆಂದು ಹಾಡು ನಿಲ್ಲಿಸಿದಳು, ನಾವು ಅವಳಿಗೆ ಸಿಡುಕು ಬಂತು ಎಂದುಕೊಂಡೆವು. ಯಾರೂ ಅವಳ ರಕ್ತ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಆದರೂ ನೋಡು.

ಈಗ ನನ್ನ ತಪ್ಪು. ಅಂದು ನನ್ನ ಕೈಯಲ್ಲಿ ತೊಟ್ಟಿ ಸಾಯುವ ಒಂದು ವಾರ ಮುಂಚೆ, ನನ್ನ ಕೋಣೆಯಲ್ಲಿ ನೂಲು ಅದ್ದಿ ನೋಡಲೆಂದು ಅದರಿಂದ ಒಂದು ಜಾಡಿ ತೆಗೆದಿಟ್ಟುಕೊಂಡಿದ್ದೆ. ನೀನು ಆಚೆ ನಡಿ ಎಂದ ದಿನ ಆ ಜಾಡಿಯನ್ನು ಸೀರೆಗಳ ಮಧ್ಯೆ ಇಟ್ಟು ಹೊತ್ತುಕೊಂಡು ಬಂದೆ. ಅಂದೇ ಹೆಪ್ಪಿಗೆಂದು ನಿನ್ನ ಕೈಗೆ ಕೊಟ್ಟಿದ್ದರೆ ನೀನು ಮೂರು ವರ್ಷ ಒದ್ದಾಡಬೇಕಿರಲಿಲ್ಲ. ಕೊಡಬಾರದೆಂದೇ ಕೊಡಲಿಲ್ಲ.

ಅಕ್ಕ, ಅಮ್ಮನ ತೊಟ್ಟಿ ಬದುಕಿದೆ. ನನ್ನ ಅಡುಗೆಮನೆಯ ಮೂಲೆಯಲ್ಲಿ, ಎರಡು ಕೊಡದಷ್ಟು. ದಿನಾ ತೌಡು ಹಾಕುತ್ತೇನೆ. ನನ್ನ ಕೈಯನ್ನು ನಾನು ಮತ್ತೆ ನಂಬಲಿಲ್ಲ, ಗಾಜಿನ ಕಡ್ಡಿಯನ್ನು ನಂಬಿದೆ. ನಿನಗೆ ಕಳಿಸಿದ್ದು ಅದನ್ನೇ. ನಾನು ಹೊಸದು ಕೊಂಡೆ.

ಅರ್ಧ ನಿನಗೆ ಕೊಡುತ್ತೇನೆ. ಆದರೆ ಅದು ಅಂಚೆಯಲ್ಲಿ ಬರುವ ವಸ್ತುವಲ್ಲ, ಜೊತೆಯಲ್ಲಿ ಕೂತು ಬಿಸಿ ಕಾಯುತ್ತ ತರಬೇಕು. ಆ ಹಲಗೆಯ ಕೆಳಗೆ ನಾನು ಬರಲಾರೆ. ಹಾಗೆಂದು ಅಮ್ಮನ ನೀಲಿಯನ್ನು ಬೇರೆಯವರ ಕೈಗೆ ಕೊಟ್ಟೂ ಕಳಿಸಲಾರೆ. ನೀನೇ ಹೇಳು.

ತಂಗಿ

*

ಏಪ್ರಿಲ್ 2

ಅಕ್ಕ,

ಮೂರು ವಾರ ದಾಟಿತು, ಉತ್ತರವಿಲ್ಲ. ಹಲಗೆಯ ಮಾತು ಬಿಡು, ನಾನು ಕೇಳಲೇ ಇಲ್ಲ ಎಂದುಕೋ. ಮಾತ್ರೆ ನುಂಗುತ್ತಿದ್ದೀಯ ತಾನೆ? ಒಂದು ಸಾಲು ಬರೆ, ಸಾಕು.

ತಂಗಿ

*

ಏಪ್ರಿಲ್ 11

ತಂಗಿಗೆ,

ನುಂಗುತ್ತಿದ್ದೇನೆ. ಒಂದು ದಿನವೂ ತಪ್ಪಿಲ್ಲ. ಮೊನ್ನೆ ಮತ್ತೆ ರಕ್ತ ತೆಗೆದರು. ಅರ್ಧ ದಾರಿ ಬಂದಿದ್ದೀರಿ ಎಂದು ಡಾಕ್ಟರಮ್ಮ ಅಳತೆಯನ್ನು ಒಂದು ಮೆಟ್ಟಿಲು ಏರಿಸಿದ್ದಾಳೆ. ಎರಡನೆಯ ಅದ್ದು. ಮುಖದ ಊತ ಇಳಿದಿದೆ. ಬೆಳಿಗ್ಗೆ ಯಾರೂ ಕರೆಯದೆ ಏಳುತ್ತೇನೆ. ಸೊಸೆಯ ಜೊತೆ ಜಗಳ ಆಡಲು ದನಿ ಬಂದಿದೆ, ಅವಳಿಗೇ ಹೆಚ್ಚು ಸಂತೋಷವಾದಂತಿದೆ. ಕೈ ಮಾತ್ರ ಇನ್ನೂ ತಣ್ಣಗೆ.

ಉತ್ತರ ಬರೆಯದಿದ್ದದ್ದು ಕೋಪದಿಂದಲ್ಲ. ಫೋಟೋ ಇಳಿಸಿದ್ದೆ. ಅದನ್ನು ನೋಡುತ್ತ ಆ ಒಂದು ಗಂಟೆ ದಿನಾ ಕೂತಿದ್ದೆ. ನಿನಗೆ ಹೇಳದ ಒಂದು ಮಾತು ನನ್ನ ಹತ್ತಿರವೂ ಇದೆ.

ಅಮ್ಮ ಹೋಗುವ ಎರಡು ವರ್ಷ ಮುಂಚೆ, ಒಂದು ಬೆಳಿಗ್ಗೆ ತೊಟ್ಟಿಗೆ ಕೈ ಇಟ್ಟವಳು ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ನನ್ನನ್ನು ಕರೆದಳು. ನೀನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. "ನನ್ನ ಕೈ ಸುಳ್ಳು ಹೇಳೋಕೆ ಶುರು ಮಾಡಿದೆ ಕಣೇ. ಇನ್ಮೇಲೆ ನೀನು ನೋಡು," ಎಂದಳು. ಸೆರಗಿನಿಂದ ನನ್ನ ಮಣಿಕಟ್ಟು ಒರೆಸಿ, ತಾನೇ ಹಿಡಿದು ನೀರಿಗೆ ಇಳಿಸಿದಳು. ಅವಳ ಬೆರಳು ತಣ್ಣಗಿದ್ದವು. ನನಗೆ ಅದು ಗೊತ್ತಾಯಿತು, ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಯಜಮಾನಿಕೆ ನನಗೆ ಬಂತು ಎಂಬುದೊಂದೇ ತಲೆಯಲ್ಲಿತ್ತು. ತನ್ನ ಕೈಯ ಮೇಲೆ ತನಗೇ ಅನುಮಾನ ಬಂದಾಗ ಅಮ್ಮ ಅದನ್ನು ಹೇಳಿ ಪಕ್ಕಕ್ಕೆ ಸರಿದಳು. ಅವಳು ಕಲಿಸಿದ್ದು ಅದನ್ನು. ನಾನು ಕಲಿತದ್ದು ಹಲಗೆ ಬರೆಸುವುದನ್ನು.

ನಿನ್ನೆ ಎಲ್ಲರನ್ನೂ ತೊಟ್ಟಿಯ ಬಳಿ ಕರೆದೆ. ಕೂರಲು ಹೇಳಲಿಲ್ಲ, ನಾನೂ ಕೂರಲಿಲ್ಲ. "ನವೆಂಬರಿನಲ್ಲಿ ತೊಟ್ಟಿ ಕೆಡಿಸಿದ್ದು ಕಟ್ಟಿಗೆ ಅಲ್ಲ, ನಾನು. ಮೂವತ್ತು ವರ್ಷದ ಹಿಂದೆ ನನ್ನ ತಂಗಿ ಕೆಡಿಸಿದ್ದೂ ನಿದ್ದೆಯಿಂದ ಅಲ್ಲ, ಕಾಯಿಲೆಯಿಂದ. ನಾನು ಅವಳನ್ನ ಆಚೆ ಹಾಕಿದ್ದು ತಪ್ಪು," ಎಂದೆ.

ಒಲೆಮಾವ, "ಕಟ್ಟಿಗೆ ಮೇಲಿದ್ದ ದೂರು ಹೋಯ್ತಲ್ಲ ಬಿಡಿ, ಯಜಮಾನಿ. ಪಾಪ, ಅದು ಒಳ್ಳೇ ಒಣಕಟ್ಟಿಗೆ," ಎಂದ. ಮೊದಲು ನಕ್ಕವಳು ಸೊಸೆ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

ಇವತ್ತು ಬೆಳಿಗ್ಗೆ ಏಣಿ ತರಿಸಿ ಹಲಗೆ ಇಳಿಸಿದೆ. ಹಿಂದಿನ ಗೋಡೆ ಅಷ್ಟಗಲ ಬೆಳ್ಳಗೆ ಉಳಿದಿದೆ. ಒಲೆಮಾವ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, "ಎಲ್ಲಿಡ್ಲಿ?" ಎಂದ.

"ಒಲೆಯಲ್ಲಿ."

ತೊಟ್ಟಿಯನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದ್ದೆ. ಹಲಗೆ ಕಾಲು ಗಂಟೆ ಚೆನ್ನಾಗಿ ಉರಿಯಿತು. ಖಾನೆಯಿಂದ ನಿನ್ನ ಕಡ್ಡಿ ತೆಗೆದು ನೀಲಿ ದಾರದಲ್ಲಿ ತೊಟ್ಟಿಯ ಅಂಚಿಗೆ ಕಟ್ಟಿದ್ದೇನೆ. ನೀನು ಬಂದು ಅಮ್ಮನ ನೀಲಿಯನ್ನು ಇಳಿಸುವ ದಿನಕ್ಕೆ ನೀರು ಹೇಗಿರಬೇಕೆಂದು ಇವತ್ತೇ ನೋಡಿಕೊಂಡೆವು. ಮೂವತ್ತೆಂಟು ಡಿಗ್ರಿ ಎಂದು ಸೊಸೆ ಓದಿದಳು. ಅವಳೇ ಮೊದಲು ಕೈ ಇಟ್ಟು, "ಅತ್ತೆ, ಮಗುವಿನ ಕೆನ್ನೆ," ಎಂದಳು. ಆಮೇಲೆ ನಾನು ಇಟ್ಟೆ. ನನ್ನ ಮಣಿಕಟ್ಟಿಗೆ ನೀರು ತಣ್ಣಗೇ ಇತ್ತು.

ಒಲೆಮಾವ ಕಟ್ಟಿಗೆ ಹಿಡಿದು ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. ಸಾಕು ಎಂದು ಹೇಳಿ, ಒಲೆಯ ಬಾಯಿ ಮುಚ್ಚಿಸಿದೆ.

ಅಕ್ಕ